ನಾರ್ವೆಯ ಕ್ರೀಡಾನೀತಿ: ನಂಬಿಕೆ ಒಂದು, ವಾಸ್ತವ ಇನ್ನೊಂದು

ನಾರ್ವೆಯ ಜನಸಂಖ್ಯೆ ಸುಮಾರು 55 ಲಕ್ಷ. 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಈ ದೇಶ 39 ಪದಕ ಗೆದ್ದಿತು. 2022ರಲ್ಲಿ ಬೀಜಿಂಗ್‌ನಲ್ಲಿ ಗೆದ್ದ 16 ಚಿನ್ನ, ಅಲ್ಲಿಯವರೆಗಿನ ಯಾವ ಚಳಿಗಾಲದ ಕೂಟದಲ್ಲೂ ಯಾವ ದೇಶಕ್ಕೂ ದಕ್ಕಿರಲಿಲ್ಲ. ಇಷ್ಟು ಚಿಕ್ಕ ದೇಶ ಇಷ್ಟೊಂದು ಗೆಲ್ಲುವುದು ಹೇಗೆ ಎಂದು ಕೇಳಿದರೆ ಸಿಗುವ ಸಿದ್ಧ ಉತ್ತರಗಳಲ್ಲಿ ಹೆಚ್ಚಿನವು ತಪ್ಪು, ಕೆಲವು ಅರ್ಧಸತ್ಯ.

ತಪ್ಪು ಕಲ್ಪನೆ: ಹಿಮವಿದೆ, ತೈಲದ ಹಣವಿದೆ, ಪದಕ ತಾನಾಗಿಯೇ ಬರುತ್ತದೆ.

ಹಿಮವೂ ಹಣವೂ ನೆರವಾಗಿವೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ನಾರ್ವೆಯ ಕಡಲಲ್ಲಿ ದೊಡ್ಡ ತೈಲ ನಿಕ್ಷೇಪ ಸಿಕ್ಕಿದ್ದು 1969ರಲ್ಲಿ. ಅದಾಗಿ ಎರಡು ದಶಕ ಕಳೆಯುತ್ತಿದ್ದಾಗ, 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಿಂದ ನಾರ್ವೆ ಮೂರು ಬೆಳ್ಳಿ, ಎರಡು ಕಂಚು ಹಿಡಿದು ಮರಳಿತು. ಚಿನ್ನ ಒಂದೂ ಇರಲಿಲ್ಲ. ಕೊರತೆಯಿದ್ದದ್ದು ವ್ಯವಸ್ಥೆಯಲ್ಲಿ. ಆ ಹೊತ್ತಿನಲ್ಲಿ ರೂಪುಗೊಂಡದ್ದೇ ‘ಒಲಿಂಪಿಯಾಟೊಪ್ಪೆನ್’, ಅಂದರೆ ಉನ್ನತ ಮಟ್ಟದ ಕ್ರೀಡೆಯ ಹೊಣೆ ಹೊತ್ತ ಕೇಂದ್ರ. ಒಂದೊಂದು ಆಟದವರು ತಮ್ಮ ತಮ್ಮ ಕೋಟೆಯೊಳಗೆ ಉಳಿಯದೆ, ಬೇರೆ ಬೇರೆ ಆಟಗಳ ತರಬೇತುದಾರರು, ವೈದ್ಯರು, ವಿಜ್ಞಾನಿಗಳು ಕಲಿತದ್ದನ್ನು ಹಂಚಿಕೊಳ್ಳುವುದು ಅದರ ಮೂಲ ಸೂತ್ರ. 1994ರಲ್ಲಿ ಸ್ವದೇಶದ ಲಿಲ್ಲೆಹಾಮರ್‌ನಲ್ಲಿ ನಡೆದ ಕೂಟದಲ್ಲಿ ಪದಕಗಳ ಸಂಖ್ಯೆ 26ಕ್ಕೆ ಏರಿತು. ಅದರಲ್ಲಿ 10 ಚಿನ್ನ. ಇನ್ನು ಟೋಕಿಯೊದ ಬೇಸಿಗೆ ಒಲಿಂಪಿಕ್ಸ್‌ನಲ್ಲಿ ಕಾರ್ಸ್ಟೆನ್ ವಾರ್ಹೋಮ್ 400 ಮೀಟರ್ ಹರ್ಡಲ್ಸ್ ಓಟವನ್ನು 45.94 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. 1500 ಮೀಟರ್ ಓಟ, ಟ್ರಯಥ್ಲಾನ್, ಕಡಲತೀರದ ವಾಲಿಬಾಲ್‌ಗಳಲ್ಲೂ ಅಲ್ಲಿ ನಾರ್ವೆಗೆ ಚಿನ್ನ ಬಂತು. ಇವುಗಳಲ್ಲಿ ಹಿಮಕ್ಕೆ ಕೆಲಸವಿಲ್ಲ.

ತಪ್ಪು ಕಲ್ಪನೆ: ಎಳವೆಯಲ್ಲೇ ಪ್ರತಿಭೆಯನ್ನು ಆರಿಸಿ, ಕಟ್ಟುನಿಟ್ಟಾಗಿ ಪಳಗಿಸುತ್ತಾರೆ.

ವಾಸ್ತವ ಇದಕ್ಕೆ ತೀರಾ ವಿರುದ್ಧ, ಮತ್ತು ನಾರ್ವೆಯ ನೀತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನಕ್ಕೆ ಅರ್ಹವಾದ ಭಾಗವೂ ಇದೇ. ಮಕ್ಕಳ ಕ್ರೀಡೆಗೆ ಪ್ರತ್ಯೇಕ ನಿಯಮಗಳು ಅಲ್ಲಿ 1987ರಿಂದ ಇವೆ. 2007ರಲ್ಲಿ ಅವನ್ನು ಇನ್ನಷ್ಟು ಬಿಗಿಗೊಳಿಸಿ, ಜೊತೆಗೆ ಮಕ್ಕಳ ಹಕ್ಕುಗಳನ್ನೂ ಘೋಷಿಸಲಾಯಿತು. ಮಗುವಿಗೆ ಹನ್ನೊಂದು ತುಂಬುವ ವರ್ಷದವರೆಗೆ ಫಲಿತಾಂಶದ ಪಟ್ಟಿ, ಅಂಕಪಟ್ಟಿ, ರ‍್ಯಾಂಕ್ ಯಾವುದನ್ನೂ ಪ್ರಕಟಿಸುವಂತಿಲ್ಲ. ಸಣ್ಣ ಮಕ್ಕಳ ಪಂದ್ಯದಲ್ಲಿ ಬಹುಮಾನ ಕೊಡುವುದಾದರೆ ಆಡಿದ ಪ್ರತಿಯೊಬ್ಬರಿಗೂ ಕೊಡಬೇಕು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಬಾಗಿಲು ತೆರೆಯುವುದು ಹದಿಮೂರರ ವಯಸ್ಸಿಗೆ. ಯಾವ ಆಟ, ಎಷ್ಟು ಅಭ್ಯಾಸ ಎಂಬುದರಲ್ಲಿ ಮಗುವಿನ ಮಾತಿಗೆ ಬೆಲೆಯಿದೆ. ಒಂದೇ ಮಗು ಚಳಿಗಾಲದಲ್ಲಿ ಸ್ಕೀ, ಬೇಸಿಗೆಯಲ್ಲಿ ಫುಟ್‌ಬಾಲ್ ಆಡುವುದು ಅಲ್ಲಿ ಸಾಮಾನ್ಯ. ಎಂಟು ವರ್ಷದ ಮಗು ಸೋತು ಅತ್ತು ಆಟ ಬಿಟ್ಟರೆ, ಹದಿನೆಂಟಕ್ಕೆ ಅರಳಬಹುದಾಗಿದ್ದ ಆಟಗಾರನನ್ನು ದೇಶ ಕಳೆದುಕೊಳ್ಳುತ್ತದೆ. ಜನ ಕಡಿಮೆಯಿರುವ ದೇಶಕ್ಕೆ ಆ ನಷ್ಟ ದುಬಾರಿ. ಆದ್ದರಿಂದ ಈ ನಿಯಮಗಳನ್ನು ಬರಿಯ ಮೃದು ಮನಸ್ಸಿನ ಫಲವೆಂದು ಕಾಣುವುದು ಸರಿಯಲ್ಲ.

ತಪ್ಪು ಕಲ್ಪನೆ: ಸರ್ಕಾರವೇ ಕ್ರೀಡೆಯನ್ನು ನಡೆಸುತ್ತದೆ.

ಕ್ರೀಡೆಗೆಂದೇ ಮೀಸಲಾದ ಸಚಿವಾಲಯ ನಾರ್ವೆಯಲ್ಲಿಲ್ಲ; ಕ್ರೀಡೆ ಸಂಸ್ಕೃತಿ ಸಚಿವಾಲಯದ ವ್ಯಾಪ್ತಿಗೆ ಬರುತ್ತದೆ. ಆಡಳಿತ ಇರುವುದು ರಾಷ್ಟ್ರೀಯ ಕ್ರೀಡಾ ಮಹಾಒಕ್ಕೂಟದ ಕೈಯಲ್ಲಿ. 1996ರಲ್ಲಿ ಒಲಿಂಪಿಕ್ ಸಮಿತಿಯೂ ಅದರೊಂದಿಗೆ ವಿಲೀನವಾಯಿತು. ಫುಟ್‌ಬಾಲ್, ಸ್ಕೀ ಮುಂತಾದ ಒಕ್ಕೂಟಗಳೂ ಸಾವಿರಾರು ಊರ ಕ್ಲಬ್‌ಗಳೂ ಅದರ ಅಡಿಯಲ್ಲಿವೆ, ಪದಾಧಿಕಾರಿಗಳು ಚುನಾಯಿತರು. ಕ್ಲಬ್ಬುಗಳ ಜೀವಾಳ ಸಂಬಳವಿಲ್ಲದ ದುಡಿಮೆ. ಊರವರು ಸೇರಿ ಕೂಲಿಯಿಲ್ಲದೆ ಮಾಡುವ ಇಂಥ ಕೆಲಸಕ್ಕೆ ಅಲ್ಲಿ ‘ದುಗ್ನಾದ್’ ಎನ್ನುತ್ತಾರೆ. ಮಕ್ಕಳ ತಂಡಕ್ಕೆ ತರಬೇತಿ ಕೊಡುವವರು ಬಹುಪಾಲು ತಂದೆತಾಯಿಗಳೇ. ಪಂದ್ಯದ ದಿನ ಮೈದಾನದ ಅಂಗಡಿಯಲ್ಲಿ ವಾಫಲ್ ಮಾಡಿ ಮಾರುವವರು, ತಂಡದ ಪ್ರಯಾಣದ ಖರ್ಚಿಗೆಂದು ಮನೆಮನೆಗೆ ಹೋಗಿ ಟಾಯ್ಲೆಟ್ ಪೇಪರ್ ಕಟ್ಟುಗಳನ್ನು ಮಾರುವವರೂ ಅವರೇ.

ತಪ್ಪು ಕಲ್ಪನೆ: ಲಾಟರಿಯ ಹಣವೆಲ್ಲ ಪದಕ ಗೆಲ್ಲುವವರಿಗೆ.

ಸರ್ಕಾರಿ ಒಡೆತನದ ನಾರ್ಸ್ಕ್ ಟಿಪ್ಪಿಂಗ್ ಕಂಪನಿಗೆ ಲಾಟರಿ ಮತ್ತು ಪಂದ್ಯಗಳ ಬಾಜಿಯಲ್ಲಿ ಏಕಸ್ವಾಮ್ಯವಿದೆ. 2015ರಿಂದ ಅದರ ಲಾಭದ ಹಂಚಿಕೆಯ ಸೂತ್ರ ಹೀಗಿದೆ: ಕ್ರೀಡೆಗೆ ಶೇ 64, ಸಂಸ್ಕೃತಿಗೆ ಶೇ 18, ಸಮಾಜಸೇವಾ ಸಂಸ್ಥೆಗಳಿಗೆ ಶೇ 18. ಕ್ರೀಡೆಯ ಪಾಲಿನಲ್ಲಿ ದೊಡ್ಡ ಮೊತ್ತ ಹೋಗುವುದು ಊರೂರಿನ ಮೈದಾನ, ಒಳಾಂಗಣ ಕ್ರೀಡಾಂಗಣ, ಈಜುಕೊಳ, ಬೆಳಕಿನ ವ್ಯವಸ್ಥೆಯಿರುವ ಸ್ಕೀ ಹಾದಿಗಳ ನಿರ್ಮಾಣಕ್ಕೆ. ಸಾಮಾನ್ಯವಾಗಿ ವೆಚ್ಚದ ಮೂರನೇ ಒಂದು ಭಾಗ ಇದರಿಂದ ಸಿಗುತ್ತದೆ, ಅದಕ್ಕೂ ಗರಿಷ್ಠ ಮಿತಿಯಿದೆ. ಉಳಿದದ್ದನ್ನು ಸ್ಥಳೀಯ ಆಡಳಿತ ಮತ್ತು ಕ್ಲಬ್ ಹೊಂದಿಸಬೇಕು. ಮಕ್ಕಳನ್ನೂ ಹದಿಹರೆಯದವರನ್ನೂ ಆಡಿಸುವ ಕ್ಲಬ್ಬುಗಳಿಗೆ ನೇರ ನೆರವು ಬೇರೆ ಉಂಟು.

ಈ ಏಕಸ್ವಾಮ್ಯದ ಸುತ್ತ ನಡೆದ ಒಂದು ಜಗಳ ಚೆಸ್ ಪ್ರಿಯರಿಗೆ ನೆನಪಿರಬಹುದು. 2019ರಲ್ಲಿ ಕಿಂಡ್ರೆಡ್ ಎಂಬ ಬಾಜಿ ಕಂಪನಿ ನಾರ್ವೆಯ ಚೆಸ್ ಒಕ್ಕೂಟಕ್ಕೆ ಐದು ವರ್ಷಕ್ಕೆ 5 ಕೋಟಿ ಕ್ರೋನರ್ ಕೊಡಲು ಮುಂದಾಯಿತು. ಪ್ರತಿಯಾಗಿ ಒಕ್ಕೂಟ ಏಕಸ್ವಾಮ್ಯವನ್ನು ವಿರೋಧಿಸಬೇಕಿತ್ತು. ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಒಪ್ಪಂದದ ಪರ ನಿಂತರು; ಮತ ಒಟ್ಟುಗೂಡಿಸಲು ಹೊಸ ಕ್ಲಬ್ ಕಟ್ಟಿ, ಮೊದಲ 1000 ಸದಸ್ಯರ ಶುಲ್ಕವನ್ನು ತಾವೇ ಭರಿಸಿದರು. ಆದರೂ ಒಕ್ಕೂಟದ ಮಹಾಸಭೆ ಭಾರಿ ಬಹುಮತದಿಂದ ಆ ಹಣವನ್ನು ತಿರಸ್ಕರಿಸಿತು. ವಿಶ್ವ ಚಾಂಪಿಯನ್ನನ ಮಾತಿಗಿಂತ ಸದಸ್ಯರ ಮತವೇ ಮೇಲಾದದ್ದು ಅಲ್ಲಿನ ಕ್ರೀಡಾ ಆಡಳಿತದ ಬೇರು ಎಲ್ಲಿದೆ ಎಂಬುದನ್ನು ತೋರಿಸುತ್ತದೆ.

ಪದಕ ಗೆದ್ದವರಿಗೆ ಕೋಟಿಗಟ್ಟಲೆ ಬಹುಮಾನ ಸಿಗುತ್ತದೆ ಎಂಬುದೂ ಸುಳ್ಳು. ಒಲಿಂಪಿಕ್ ಪದಕಕ್ಕೆ ನಾರ್ವೆ ನಗದು ಬಹುಮಾನ ಕೊಡುವುದಿಲ್ಲ. ಆಯ್ದ ಕ್ರೀಡಾಪಟುಗಳಿಗೆ ಅಭ್ಯಾಸ ಮುಂದುವರಿಸಲು ವಿದ್ಯಾರ್ಥಿವೇತನದಂಥ ನೆರವಿದೆ. ದೊಡ್ಡ ಕೂಟಗಳ ಆತಿಥ್ಯಕ್ಕೆ ನಾರ್ವೆ ಎಷ್ಟು ಹಣ ಬೇಕಾದರೂ ಸುರಿಯುತ್ತದೆ ಎಂಬುದೂ ಸುಳ್ಳೇ. ಸರ್ಕಾರ ಆರ್ಥಿಕ ಖಾತರಿ ನಿರಾಕರಿಸಿದ್ದರಿಂದ 2022ರ ಚಳಿಗಾಲದ ಕೂಟದ ಆತಿಥ್ಯದ ಸ್ಪರ್ಧೆಯಿಂದ ಓಸ್ಲೊ 2014ರ ಅಕ್ಟೋಬರ್‌ನಲ್ಲಿ ಹಿಂದೆ ಸರಿಯಿತು.

ತಪ್ಪು ಕಲ್ಪನೆ: ಇದು ಹುಳುಕೇ ಇಲ್ಲದ ವ್ಯವಸ್ಥೆ.

ಮಹಾಒಕ್ಕೂಟದ ಮುಖಂಡರ ಪ್ರವಾಸ ವೆಚ್ಚದ ಲೆಕ್ಕ 2016ರಲ್ಲಿ ಬಹಿರಂಗವಾದದ್ದು ಪತ್ರಿಕೆಗಳೂ ಸಚಿವರೂ ಪಟ್ಟುಹಿಡಿದ ಮೇಲೆಯೇ. 2025ರ ಮಾರ್ಚ್‌ನಲ್ಲಿ ತವರಿನ ಟ್ರಾಂಡ್‌ಹೈಮ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ಕೀ ಜಿಗಿತದ ತಂಡ ಉಡುಪನ್ನು ನಿಯಮಬಾಹಿರವಾಗಿ ತಿದ್ದಿ ಸಿಕ್ಕಿಬಿತ್ತು. ಇವೆರಡಕ್ಕಿಂತ ಆಳದ ತೊಂದರೆ ಖರ್ಚಿನದು. ಸದಸ್ಯತ್ವ ಶುಲ್ಕ, ಸಲಕರಣೆ, ಪ್ರಯಾಣದ ವೆಚ್ಚ ಏರುತ್ತಿದ್ದಂತೆ ಕಡಿಮೆ ಆದಾಯದ ಮತ್ತು ವಲಸೆ ಕುಟುಂಬಗಳ ಮಕ್ಕಳು ಕ್ಲಬ್ಬುಗಳಿಂದ ದೂರ ಉಳಿಯುತ್ತಿದ್ದಾರೆ. ‘ಎಲ್ಲರಿಗೂ ಕ್ರೀಡೆ’ ಎಂಬುದನ್ನೇ ಬುನಾದಿಯಾಗಿಸಿಕೊಂಡ ನೀತಿಗೆ ಆ ಮಕ್ಕಳನ್ನು ಮೈದಾನಕ್ಕೆ ಕರೆತರುವುದೇ ಈಗಿರುವ ಅತಿ ದೊಡ್ಡ ಕೆಲಸ.