ಬಿಸಿಲಿನಿಂದ ನಡೆಯುವ ಹ್ಯಾಮ್ ರಿಪೀಟರ್: ತಾರಸಿಯ ಮೇಲೆ ಕಟ್ಟುವುದು ಹೇಗೆ?

ಬೆಂಗಳೂರಿನ ಹಲಸೂರಿನಿಂದ ಕೆ.ಆರ್. ಪುರಕ್ಕೆ ನೇರ ದೂರ ಹತ್ತು ಕಿಲೋಮೀಟರಿನ ಒಳಗೇ. ಕೈಯಲ್ಲಿ ಹಿಡಿಯುವ 5 ವ್ಯಾಟ್‌ನ ಹ್ಯಾಮ್, ಅಂದರೆ ಹವ್ಯಾಸಿ, ರೇಡಿಯೊ ಸೆಟ್ಟಿನಲ್ಲಿ ಇಷ್ಟು ದೂರ ಮಾತಾಡಲು ಹೋದರೆ ಬಹುತೇಕ ಸಲ ಬರೀ ಗರಗರ ಸದ್ದು. ಸೆಟ್ಟಿಗೆ ಶಕ್ತಿ ಸಾಲದು ಅಂತಲ್ಲ. ಊರೊಳಗಿನ ಮಾತಿಗೆ ಹ್ಯಾಮ್‌ಗಳು ಹೆಚ್ಚಾಗಿ ಬಳಸುವುದು ವಿಎಚ್‌ಎಫ್‌ನ 144ರಿಂದ 146 ಮೆಗಾಹರ್ಟ್ಜ್ ಪಟ್ಟಿಯನ್ನು. ಈ ಅಲೆಗಳು ಹೆಚ್ಚುಕಡಿಮೆ ಕಣ್ಣೋಟದ ದಾರಿಯಲ್ಲೇ ಸಾಗುತ್ತವೆ. ಇಂದಿರಾನಗರದ ಕಟ್ಟಡಗಳು ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು.

ಇದಕ್ಕೆ ಪರಿಹಾರವೇ ರಿಪೀಟರ್, ಅಂದರೆ ಮರುಪ್ರಸಾರ ಮಾಡುವ ನಿಲ್ದಾಣ. ಅದು ಎತ್ತರದ ಜಾಗದಲ್ಲಿ ಕೂತಿರುತ್ತದೆ. ಒಂದು ಫ್ರೀಕ್ವೆನ್ಸಿಯಲ್ಲಿ, ಅಂದರೆ ಕಂಪನಾಂಕದಲ್ಲಿ, ಬಂದ ಮಾತನ್ನು ಕೇಳಿಸಿಕೊಂಡು ಅದೇ ಕ್ಷಣ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಹೊರಗೆ ಬಿಡುತ್ತದೆ. ಹಲಸೂರಿನವರಿಗೂ ಕೆ.ಆರ್. ಪುರದವರಿಗೂ ಒಬ್ಬರಿಗೊಬ್ಬರು ಕಾಣಿಸಬೇಕಿಲ್ಲ, ಇಬ್ಬರಿಗೂ ರಿಪೀಟರ್ ಕಂಡರೆ ಸಾಕು.

ಕರೆಂಟಿನಲ್ಲೇ ನಡೆಸಬಹುದಲ್ಲ, ಸೋಲಾರ್ ಯಾಕೆ ಎಂದು ನೀವು ಕೇಳಬಹುದು. 2022ರ ಸೆಪ್ಟೆಂಬರ್ ಮಳೆಯನ್ನು ನೆನಪಿಸಿಕೊಳ್ಳಿ. ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆಯ ಬಡಾವಣೆಗಳಿಗೆ ನೀರು ನುಗ್ಗಿ, ನೆಲಮಾಳಿಗೆಗಳು ಮುಳುಗಿ, ಎಷ್ಟೋ ಕಡೆ ವಿದ್ಯುತ್ ಕಡಿದುಹೋಗಿತ್ತು. ಹ್ಯಾಮ್ ರೇಡಿಯೊ ನಿಜವಾಗಿ ಬೇಕಾಗುವುದು ಅಂಥ ದಿನ. ಅಂಥ ದಿನವೇ ಕೈಕೊಡುವ ರಿಪೀಟರ್ ಇದ್ದರೆಷ್ಟು, ಬಿಟ್ಟರೆಷ್ಟು.

ಸೂರ್ಯನ ಬೆಳಕಿನಿಂದ ನಡೆಯುವ ಹ್ಯಾಮ್ ಮರುಪ್ರಸಾರ ಕೇಂದ್ರ ಬೆಂಗಳೂರಿನ ಪೂರ್ವ ಭಾಗಕ್ಕೆ ಹೊಸದೂ ಅಲ್ಲ. ಹಳೆ ವಿಮಾನ ನಿಲ್ದಾಣ ರಸ್ತೆಯ ವಿಮಾನಪುರದಲ್ಲಿ ಇಸ್ರೊ ಉಪಗ್ರಹ ಕೇಂದ್ರವಿದೆ, ಈಗ ಅದರ ಹೆಸರು ಯು.ಆರ್. ರಾವ್ ಉಪಗ್ರಹ ಕೇಂದ್ರ. ಬರೀ ಹ್ಯಾಮ್‌ಗಳಿಗಾಗಿಯೇ ಇಸ್ರೊ ಅಲ್ಲಿ 'ಹ್ಯಾಮ್‌ಸ್ಯಾಟ್' ಎಂಬ 42.5 ಕಿಲೋ ತೂಕದ ಉಪಗ್ರಹವನ್ನು ಮಾಡಿತು. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ ಅದನ್ನು ಕಾರ್ಟೊಸ್ಯಾಟ್-1ರ ಜೊತೆಗೆ ಶ್ರೀಹರಿಕೋಟಾದಿಂದ ಮೇಲಕ್ಕೆ ಒಯ್ದಿತು. ಅದರೊಳಗೆ ಎರಡು ಟ್ರಾನ್ಸ್‌ಪಾಂಡರ್‌ಗಳಿದ್ದವು, ಅಂದರೆ ಕೇಳಿದ್ದನ್ನು ತಿರುಗಿ ಕಳಿಸುವ ಘಟಕಗಳು. ಒಂದು ಭಾರತದ್ದು, ಇನ್ನೊಂದು ನೆದರ್ಲ್ಯಾಂಡ್ಸ್‌ನ ಹ್ಯಾಮ್ ಒಬ್ಬರು ಮಾಡಿದ್ದು. 435 ಮೆಗಾಹರ್ಟ್ಜ್ ಸುಮಾರಿನಲ್ಲಿ ಕೇಳಿ, 145ರ ಸುಮಾರಿನಲ್ಲಿ ಕಳಿಸುತ್ತಿತ್ತು. ಕಳಿಸುವ ಶಕ್ತಿ ಬರೀ 1 ವ್ಯಾಟ್ ಆಸುಪಾಸು. ಒಂಬತ್ತು ವರ್ಷ ದುಡಿದ ಅದು 2014ರ ಜುಲೈನಲ್ಲಿ ಸುಮ್ಮನಾಯಿತು. ಕೆಟ್ಟದ್ದು ರೇಡಿಯೊ ಅಲ್ಲ, ಲಿಥಿಯಂ ಅಯಾನ್ ಬ್ಯಾಟರಿ.

ತಾರಸಿಯ ಮೇಲೆ ರಿಪೀಟರ್ ಕಟ್ಟುವವರಿಗೆ ಈ ಉಪಗ್ರಹದಿಂದ ಎರಡು ಪಾಠ ಸಿಗುತ್ತವೆ. ಕೇಳುವುದಕ್ಕೂ ಕಳಿಸುವುದಕ್ಕೂ ಬೇರೆ ಬೇರೆ ಪಟ್ಟಿ ಬಳಸಿದರೆ ಅರ್ಧ ತಲೆನೋವು ಹೋಗುತ್ತದೆ. ರೇಡಿಯೊಗೆ ಕೊಡುವಷ್ಟೇ ಗಮನವನ್ನು ಬ್ಯಾಟರಿಗೂ ಕೊಡಬೇಕು.

ಮೊದಲಿಗೆ ಆ ತಲೆನೋವು ಏನೆಂದು ನೋಡೋಣ. ಸಾಮಾನ್ಯ ವಿಎಚ್‌ಎಫ್ ರಿಪೀಟರ್ ಕೇಳುವ ಮತ್ತು ಕಳಿಸುವ ಫ್ರೀಕ್ವೆನ್ಸಿಗಳ ನಡುವೆ ಅಂತರ ಬರೀ 600 ಕಿಲೋಹರ್ಟ್ಜ್. ಅದು ಕಳಿಸುವುದು 10 ವ್ಯಾಟ್ ಅಂದುಕೊಳ್ಳಿ. ಅದೇ ಹೊತ್ತಿನಲ್ಲಿ ಅದು ಕೇಳಿಸಿಕೊಳ್ಳಬೇಕಾದ ದುರ್ಬಲ ಸಂಕೇತ ಅದಕ್ಕಿಂತ ಎಷ್ಟು ಪಟ್ಟು ಕಡಿಮೆ ಗೊತ್ತೇ? ನೂರು ಕೋಟಿಯನ್ನು ಒಂದು ಕೋಟಿಯಿಂದ ಗುಣಿಸಿದಷ್ಟು ಪಟ್ಟು. ನಾದಸ್ವರ ಊದುತ್ತಲೇ ಪಕ್ಕದವರ ಪಿಸುಮಾತು ಕೇಳಿಸಿಕೊಳ್ಳಬೇಕಾದ ಪಾಡು. ಇದನ್ನು ಸಾಧ್ಯ ಮಾಡುವುದು ಡುಪ್ಲೆಕ್ಸರ್ ಎಂಬ ಸೋಸುವ ಸಾಧನ. ಸುಮಾರು ಅರ್ಧ ಮೀಟರ್ ಎತ್ತರದ ಲೋಹದ ಕೊಳವೆಗಳ ಸಾಲು ಅದು, ಸಾಮಾನ್ಯವಾಗಿ ನಾಲ್ಕೋ ಆರೋ ಇರುತ್ತವೆ. ಒಂದೊಂದನ್ನೂ ಅಳತೆಯ ಉಪಕರಣ ಹಿಡಿದು ಕೂದಲೆಳೆಯಷ್ಟು ಸರಿಪಡಿಸಬೇಕು. ದುಬಾರಿ, ಭಾರ, ಹೊಸಬರಿಗೆ ಕಷ್ಟ.

ಆದ್ದರಿಂದ ಮೊದಲ ಸಲ ಕಟ್ಟುವವರಿಗೆ ನನ್ನ ಸಲಹೆ ಕ್ರಾಸ್‌ಬ್ಯಾಂಡ್ ರಿಪೀಟರ್, ಅಂದರೆ ಒಂದು ಪಟ್ಟಿಯಲ್ಲಿ ಕೇಳಿ ಇನ್ನೊಂದರಲ್ಲಿ ಕಳಿಸುವಂಥದ್ದು. ಹ್ಯಾಮ್‌ಸ್ಯಾಟ್ ಮಾಡಿದ್ದೂ ಅದನ್ನೇ. ಯುಎಚ್‌ಎಫ್‌ನಲ್ಲಿ, ಅಂದರೆ 435ರ ಸುಮಾರಿನ ಪಟ್ಟಿಯಲ್ಲಿ, ಕೇಳುವುದು, ವಿಎಚ್‌ಎಫ್‌ನಲ್ಲಿ ಕಳಿಸುವುದು. ದೊಡ್ಡ ಡುಪ್ಲೆಕ್ಸರ್ ಬೇಡ, ಡೈಪ್ಲೆಕ್ಸರ್ ಎಂಬ ಅಂಗೈಯಗಲದ ಪೆಟ್ಟಿಗೆ ಎರಡೂ ಪಟ್ಟಿಗಳನ್ನು ಬೇರೆ ಮಾಡುತ್ತದೆ. ಬಳಸುವವರ ಹತ್ತಿರ ಎರಡು ಪಟ್ಟಿಯ ಸೆಟ್ಟು ಇರಬೇಕು. ಈಗ ಬಹುತೇಕ ಸೆಟ್ಟುಗಳು ಹಾಗೇ ಇವೆ.

ಇಲ್ಲೊಂದು ಬಲೆ ಇದೆ, ಎಷ್ಟೋ ಜನ ಅದರಲ್ಲಿ ಬೀಳುತ್ತಾರೆ. ಯಾವುದೇ ಪ್ರಸಾರಕ ತನ್ನ ಫ್ರೀಕ್ವೆನ್ಸಿಯ ಮೂರರಷ್ಟಿರುವ ಫ್ರೀಕ್ವೆನ್ಸಿಯಲ್ಲೂ ಸ್ವಲ್ಪ ಸೋರುತ್ತದೆ. 145ರ ಮೂರರಷ್ಟು 435. ಅಂದರೆ 145ರಲ್ಲಿ ಕಳಿಸುತ್ತ 435ರಲ್ಲಿ ಕೇಳಲು ಹೊರಟರೆ ರಿಪೀಟರ್ ತನ್ನ ದನಿಯನ್ನೇ ಕೇಳಿಸಿಕೊಂಡು ಕಿವುಡಾಗುತ್ತದೆ. ಕಳಿಸುವುದು 145.5, ಕೇಳುವುದು 434.5 ಎಂದು ಇಟ್ಟುಕೊಂಡರೆ ಸೋರಿಕೆ 436.5ರಲ್ಲಿ ಬೀಳುತ್ತದೆ, ಎರಡು ಮೆಗಾಹರ್ಟ್ಜ್ ದೂರ. ಜೊತೆಗೊಂದು ಲೋ-ಪಾಸ್ ಫಿಲ್ಟರ್ ಹಾಕಿ, ಅದು ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುತ್ತದೆ. ಇವು ಉದಾಹರಣೆ ಮಾತ್ರ. ನಿಮ್ಮ ಫ್ರೀಕ್ವೆನ್ಸಿಯನ್ನು ಊರಿನ ಕ್ಲಬ್ಬಿನವರ ಜೊತೆ ಕೂತೇ ಗೊತ್ತುಮಾಡಿ. 145.8ರಿಂದ 146 ಮತ್ತು 435ರಿಂದ 438 ಉಪಗ್ರಹಗಳ ಜಾಗ, ಅಲ್ಲಿ ನೆಲದ ರಿಪೀಟರ್ ಇಡಬೇಡಿ.

ರಿಪೀಟರಿನಲ್ಲಿ ಕೇಳುವ ಸೆಟ್ಟೊಂದು, ಕಳಿಸುವ ಸೆಟ್ಟೊಂದು. ಈ ಎರಡರ ನಡುವೆ ಕೂರುವುದು ಕಂಟ್ರೋಲರ್, ಅಂದರೆ ನಿಯಂತ್ರಕ. ಸಂಕೇತ ಬಂದಾಗ ಪ್ರಸಾರಕವನ್ನು ಚಾಲೂ ಮಾಡುವುದು, ಆಗಾಗ ನಿಲ್ದಾಣದ ಗುರುತಾದ ಕರೆಸಂಕೇತ ಹೇಳುವುದು, ಯಾರಾದರೂ ಗುಂಡಿ ಬಿಡದೆ ಕೂತರೆ ಮೂರು ನಿಮಿಷಕ್ಕೆ ಬಾಯಿ ಮುಚ್ಚಿಸುವುದು ಇದರ ಕೆಲಸ. ಆ ಕೊನೆಯದನ್ನು ಮರೆತರೆ ಒಂದೇ ರಾತ್ರಿಯಲ್ಲಿ ಬ್ಯಾಟರಿ ಬಹುಪಾಲು ಬರಿದು. ಸಿಟಿಸಿಎಸ್‌ಎಸ್ ಎಂಬ ಟೋನ್ ಕೂಡ ಹಾಕಿಸಿ. ಮಾತಿನ ಅಡಿಯಲ್ಲಿ ಸದ್ದಿಲ್ಲದೆ ಸಾಗುವ ಆ ಗುರುತಿನ ದನಿ ಇಲ್ಲದಿದ್ದರೆ ರಿಪೀಟರ್ ತೆರೆಯುವುದಿಲ್ಲ. ನಗರದ ಎಲ್‌ಇಡಿ ದೀಪ, ಲಿಫ್ಟು, ಇನ್ವರ್ಟರುಗಳ ಗದ್ದಲಕ್ಕೆಲ್ಲ ಅದು ಎದ್ದು ಕೂರುವುದು ತಪ್ಪುತ್ತದೆ.

ಈಗ ಕರೆಂಟಿನ ಲೆಕ್ಕ. ಕಾಗದ ತೆಗೆದುಕೊಂಡು ನೀವೇ ಹಾಕಿ ನೋಡಿ. ಸುಮ್ಮನೆ ಕಾಯುತ್ತಿರುವಾಗ ಎರಡು ಸೆಟ್ಟು, ಕಂಟ್ರೋಲರ್ ಎಲ್ಲ ಸೇರಿ 5 ವ್ಯಾಟ್ ತಿನ್ನುತ್ತವೆ ಎನ್ನಿ. 24 ಗಂಟೆಗೆ 120 ವ್ಯಾಟ್-ಅವರ್. 10 ವ್ಯಾಟ್ ಪ್ರಸಾರ ಮಾಡುವ ಸೆಟ್ಟು ಬ್ಯಾಟರಿಯಿಂದ ಎಳೆಯುವುದು ಸುಮಾರು 35 ವ್ಯಾಟ್. ದಿನಕ್ಕೆ ಒಟ್ಟು ಎರಡು ಗಂಟೆ ಮಾತು ನಡೆದರೆ 70. ಎರಡೂ ಸೇರಿ 190. ಗಮನಿಸಿ, ಮಾತಾಡುವುದಕ್ಕಿಂತ ಕಾಯುವುದೇ ಹೆಚ್ಚು ತಿನ್ನುತ್ತದೆ. ಹಾಗಾಗಿ ಕಾಯುವಾಗ ಕಡಿಮೆ ಕರೆಂಟು ಎಳೆಯುವ ಸೆಟ್ಟನ್ನೇ ಆರಿಸಿ, ಪರದೆಯ ದೀಪ ಆರಿಸಿಡಿ. 50 ವ್ಯಾಟ್‌ನ ಮೊಬೈಲ್ ಸೆಟ್ಟು, ಅಂದರೆ ವಾಹನದಲ್ಲಿ ಕೂರಿಸುವಂಥದ್ದು, ತೆಗೆದುಕೊಂಡು 10 ವ್ಯಾಟ್‌ಗೆ ಇಳಿಸಿ ಬಳಸಿ. ಕೈಸೆಟ್ಟು ಇಷ್ಟು ಹೊತ್ತು ಪ್ರಸಾರ ಮಾಡಿದರೆ ಕಾದು ಕೆಡುತ್ತದೆ.

ಬಿಸಿಲಿಲ್ಲದ ಮೂರು ದಿನ ತಡೆಯಬೇಕು. 190ರ ಮೂರರಷ್ಟು 570. ಲೆಡ್-ಆಸಿಡ್ ಬ್ಯಾಟರಿಯನ್ನು, ಅಂದರೆ ಮನೆಯ ಯುಪಿಎಸ್‌ಗೆ ಹಾಕುವಂಥದ್ದನ್ನು, ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹಾಗಾಗಿ 12 ವೋಲ್ಟ್, 100 ಆ್ಯಂಪಿಯರ್-ಅವರ್ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 80ರಷ್ಟು ಬಳಸಬಹುದು, 60 ಆ್ಯಂಪಿಯರ್-ಅವರ್ ಸಾಕು. ಎರಡನೆಯದಕ್ಕೆ ಬೆಲೆ ಜಾಸ್ತಿ, ಆದರೆ ಬಾಳಿಕೆ ಹಲವು ಪಟ್ಟು, ನೀರು ಹಾಕುವ ಗೋಜಿಲ್ಲ. ದುಡ್ಡಿದ್ದರೆ ಅದನ್ನೇ ಕೊಳ್ಳಿ. ಯಾವುದಾದರೂ ಸರಿ, ತಾರಸಿಯ ಬಿಸಿಲಿಗೆ ನೇರ ಇಡಬೇಡಿ. ಮೆಟ್ಟಿಲ ಕೋಣೆಯ ನೆರಳಲ್ಲಿಡಿ, ಕಾವು ಬ್ಯಾಟರಿಯ ಆಯುಷ್ಯ ತಿನ್ನುತ್ತದೆ. ವೋಲ್ಟೇಜ್ ಬಿದ್ದಾಗ ತಾನೇ ಕಡಿದುಕೊಳ್ಳುವ ಸ್ವಿಚ್ಚು ಇರಲೇಬೇಕು.

ಪ್ಯಾನೆಲ್ ಎಷ್ಟು? ನಷ್ಟವೆಲ್ಲ ಸೇರಿಸಿ ದಿನಕ್ಕೆ 240 ವ್ಯಾಟ್-ಅವರ್ ಬೇಕೆನ್ನಿ. ಜುಲೈ-ಆಗಸ್ಟ್ ಮೋಡದಲ್ಲಿ ಪೂರ್ಣ ಬಿಸಿಲಿಗೆ ಸಮನಾದದ್ದು ದಿನಕ್ಕೆ ಮೂರೂವರೆ ಗಂಟೆ ಎಂದು ಬಿಗಿಯಾಗಿ ಹಿಡಿಯಿರಿ. ಆಗ 70 ವ್ಯಾಟ್ ಪ್ಯಾನೆಲ್ ಸಾಕೆನಿಸುತ್ತದೆ. ಆದರೆ ಮೋಡ ಸರಿದ ಮೇಲೆ ಖಾಲಿ ಬ್ಯಾಟರಿ ಮತ್ತೆ ತುಂಬಬೇಕು, ಧೂಳು ಕೂರುತ್ತದೆ, ಪಾರಿವಾಳ ಬಿಡುವುದಿಲ್ಲ. 150 ವ್ಯಾಟ್ ಹಾಕಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆಯಾಗಿಟ್ಟರೆ ಮಳೆನೀರು ಧೂಳನ್ನೂ ತೊಳೆದುಕೊಂಡು ಹೋಗುತ್ತದೆ. ನೆರಳಿನ ಮೇಲೆ ಕಣ್ಣಿಡಿ. ಬೆಳಿಗ್ಗೆ ಒಂಬತ್ತಕ್ಕೆ ಪಕ್ಕದ ಮನೆಯ ಸಿಂಟೆಕ್ಸ್ ತೊಟ್ಟಿಯ ನೆರಳು ಪ್ಯಾನೆಲ್ಲಿನ ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಅರ್ಧಕ್ಕೆ ಇಳಿಯಬಹುದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ನಿಂತು ನೋಡಿದ ಮೇಲೆಯೇ ಜಾಗ ಗೊತ್ತುಮಾಡಿ. ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಚಾರ್ಜ್ ಕಂಟ್ರೋಲರ್ ಕೊಳ್ಳುವ ಮುನ್ನ ಅದರ ಪಕ್ಕ ರೇಡಿಯೊ ಹಚ್ಚಿ ಕೇಳಿ. ಎಂಪಿಪಿಟಿ ಬಗೆಯ ಅಗ್ಗದ ಚಾರ್ಜ್ ಕಂಟ್ರೋಲರ್‌ಗಳು ರೇಡಿಯೊದಲ್ಲಿ ಜೋರಾಗಿ ಗುಂಯ್‌ಗುಡುತ್ತವೆ.

ಆ್ಯಂಟೆನಾ ಮತ್ತು ಕೇಬಲ್‌ಗೆ ಜಿಪುಣತನ ಬೇಡ. ಪ್ರಸಾರದ ಶಕ್ತಿಯನ್ನು 10ರಿಂದ 5 ವ್ಯಾಟ್‌ಗೆ ಇಳಿಸಿದರೆ ಕೇಳುವವರಿಗೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಆದರೆ ಆರ್‌ಜಿ-58 ಎಂಬ ಸಣಕಲು ಕೇಬಲ್ಲನ್ನು 30 ಮೀಟರ್ ಎಳೆದರೆ ವಿಎಚ್‌ಎಫ್‌ನಲ್ಲೇ ಶಕ್ತಿಯ ಕಾಲು ಭಾಗ ಮಾತ್ರ ಮೇಲೆ ತಲುಪುತ್ತದೆ. ಯುಎಚ್‌ಎಫ್‌ನಲ್ಲಿ ಇನ್ನೂ ಕಡಿಮೆ. ಎಲ್‌ಎಂಆರ್-400 ತರಹದ ದಪ್ಪ ಕೇಬಲ್ ಹಾಕಿ, ಆದಷ್ಟು ಗಿಡ್ಡವಾಗಿ. ಕನೆಕ್ಟರಿನ ಮೇಲೆ ಸೆಲ್ಫ್-ಅಮಾಲ್ಗಮೇಟಿಂಗ್ ಟೇಪನ್ನು, ಅಂದರೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು, ಎಳೆದು ಸುತ್ತಿ. ಕೇಬಲ್ ಒಳಗೆ ಹೋಗುವ ಮುನ್ನ ಕೆಳಕ್ಕೆ ಜೋತುಬಿದ್ದು ಮೇಲೇರುವಂತೆ ಒಂದು ಕುಣಿಕೆ ಬಿಡಿ. ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗುಮಳೆಗೆ ಸಿಡಿಲು ತಡೆಯುವ ಅರೆಸ್ಟರ್, ಕಂಬದಿಂದ ನೆಲಕ್ಕೆ ದಪ್ಪ ತಾಮ್ರದ ತಂತಿ, ಸರಿಯಾದ ಅರ್ಥಿಂಗ್ ಬೇಕೇಬೇಕು. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಕೆಳಗಿನ ಮನೆಯಲ್ಲಿ ಜನ ಮಲಗಿರುತ್ತಾರೆ.

ಎತ್ತರ ಹೆಚ್ಚಿದಷ್ಟೂ ಒಳ್ಳೆಯದು. ನೆಲದಿಂದ 30 ಮೀಟರ್ ಮೇಲಿರುವ ಆ್ಯಂಟೆನಾಗೆ ರೇಡಿಯೊ ದಿಗಂತ ಸುಮಾರು 22 ಕಿಲೋಮೀಟರ್, ಕಟ್ಟಡಗಳು ಅದರಲ್ಲಿ ಸಾಕಷ್ಟು ಕಳೆಯುತ್ತವೆ. ಆದರೆ ನಮ್ಮ ಪೂರ್ವ ಭಾಗದಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣವಿದೆ, ಸೇನೆಯ ಜಾಗಗಳಿವೆ. ಕಂಬ ನಿಲ್ಲಿಸುವ ಮುನ್ನ ನಿಮ್ಮ ಜಾಗದಲ್ಲಿ ಎಷ್ಟು ಎತ್ತರಕ್ಕೆ ಒಪ್ಪಿಗೆ ಇದೆ ಎಂದು ವಿಚಾರಿಸಿ.

ಪರವಾನಗಿ ಇಲ್ಲದೆ ಇದಾವುದನ್ನೂ ಚಾಲೂ ಮಾಡುವಂತಿಲ್ಲ. ಹ್ಯಾಮ್ ಲೈಸೆನ್ಸ್ ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಬೇಡ, ಜನರಲ್ ದರ್ಜೆಗೆ ಬೇಕು. ರಿಪೀಟರ್‌ಗೆ ಪ್ರತ್ಯೇಕ ಅನುಮತಿ ಪಡೆಯಬೇಕು, ಕ್ಲಬ್ಬಿನ ಹೆಸರಿನಲ್ಲಿ ಹೋಗುವುದೇ ಸುಸೂತ್ರ. 1959ರಿಂದ ಇರುವ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್, ಪರೀಕ್ಷೆಗೆ ತಯಾರು ಮಾಡುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಎರಡೂ ನಮ್ಮ ಊರಿನಲ್ಲೇ ಇವೆ. ಆನ್‌ಲೈನ್‌ನಲ್ಲಿ ಸಿಗುತ್ತದೆಂದು ವಾಕಿಟಾಕಿ ತರಿಸಿಬಿಡಬೇಡಿ. ಅನುಮತಿಯ ವಿವರವಿಲ್ಲದೆ ಅವನ್ನು ಮಾರಿದ್ದಕ್ಕೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರ ಮೇನಲ್ಲಿ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟಿತ್ತು.

ಖರ್ಚು ಅಂದಾಜಿನಲ್ಲಿ ಹೇಳುತ್ತೇನೆ. ಪ್ಯಾನೆಲ್ 6ರಿಂದ 8 ಸಾವಿರ, ಲಿಥಿಯಂ ಬ್ಯಾಟರಿ 20 ಸಾವಿರದ ಆಚೀಚೆ, ಲೆಡ್-ಆಸಿಡ್ ಆದರೆ 12 ಸಾವಿರ. ಚಾರ್ಜ್ ಕಂಟ್ರೋಲರ್ 2ರಿಂದ 5 ಸಾವಿರ, ಆ್ಯಂಟೆನಾ-ಕೇಬಲ್ 12ರಿಂದ 15 ಸಾವಿರ, ಪೆಟ್ಟಿಗೆ-ಕಂಬ-ಅರ್ಥಿಂಗ್ 10 ಸಾವಿರ. ಬಳಸಿದ ಎರಡು ಸೆಟ್ಟು ಸೇರಿಸಿದರೆ ಒಟ್ಟು 80 ಸಾವಿರದಿಂದ 1 ಲಕ್ಷ ರೂಪಾಯಿ. ಐದಾರು ಜನ ಹಂಚಿಕೊಂಡರೆ ಭಾರವಲ್ಲ. ಕನೆಕ್ಟರ್, ಫ್ಯೂಸ್, ಅರೆಸ್ಟರ್‌ಗೆ ಎಸ್.ಪಿ. ರಸ್ತೆ. ಕಬ್ಬಿಣದ ಪೈಪು, ಕ್ಲ್ಯಾಂಪು, ಹಳೆಯ ಲೋಹದ ಪೆಟ್ಟಿಗೆಗೆ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಒಮ್ಮೆ ಸುತ್ತಿಬನ್ನಿ. ಬ್ಯಾಟರಿಯನ್ನು ಮಾತ್ರ ಹಳೆಯದು ಕೊಳ್ಳಬೇಡಿ. ಬಿಲ್ಲು, ವಾರಂಟಿ ಸಮೇತ ಹೊಸದನ್ನೇ ತನ್ನಿ, ಹಾಕಿದ ದಿನಾಂಕವನ್ನು ಅದರ ಮೇಲೆಯೇ ಮಾರ್ಕರಿನಲ್ಲಿ ಬರೆದಿಡಿ.