ಪಡುವಣ ಕಿಟಕಿಗೆ ಜೋಡಿ ಗಾಜು ಬೇಕೆ?

ಬಯಲುಸೀಮೆಯಲ್ಲಿ ಆರ್‌ಸಿಸಿ ಮನೆ ಕಟ್ಟಿ ಇಪ್ಪತ್ತು, ಇಪ್ಪತ್ತೈದು ವರ್ಷ ಆದವರ ಕಿಟಕಿಗಳು ಈಗ ಬದಲಿಸುವ ಹಂತಕ್ಕೆ ಬಂದಿವೆ. ಮರದ ಚೌಕಟ್ಟಿಗೆ ಗೆದ್ದಲು, ಕಬ್ಬಿಣದ್ದಕ್ಕೆ ತುಕ್ಕು. ಕಡಲೆಯೋ ಜೋಳವೋ ಕೈಹತ್ತಿದ ವರ್ಷ ಪೇಟೆಗೆ ಹೋದರೆ ಮೊದಲು ತೋರಿಸುವುದು ಗಾಜಿನ ಜಾರುಕಿಟಕಿ. ರೊಕ್ಕ ಇದ್ದವರಂತೆ ಕಂಡರೆ ಜೋಡಿ ಗಾಜಿನದು. ‘ಮನೆ ತಂಪಿರ್ತದೆ, ಕರೆಂಟು ಉಳೀತದೆ’ ಅಂತಾರೆ. ಮಳೆ ನಂಬಿದ ರೈತನಿಗೆ ಅಂಥ ವರ್ಷ ಮತ್ತೆ ಯಾವಾಗಲೋ. ಹಾಗಾಗಿ ಕೊಳ್ಳುವ ಮೊದಲೇ ಲೆಕ್ಕ ನೋಡಬೇಕು.

ಕಿಟಕಿಯಿಂದ ಶಾಖ ಎರಡು ದಾರಿಯಲ್ಲಿ ಬರ್ತದೆ. ಹೊರಗಿನ ಬಿಸಿ ಗಾಳಿ ಗಾಜನ್ನು ಕಾಯಿಸಿ ಬರುವುದು ಒಂದು, ನೇರ ಬಿಸಿಲು ಇನ್ನೊಂದು. ಜೋಡಿ ಗಾಜಿನ ನಡುವೆ ಗಾಳಿ ನಿಂತಿರುವುದರಿಂದ ಮೊದಲನೆಯದು ಅರ್ಧಕ್ಕೆ ಇಳೀತದೆ. ಕಂಪನಿ ಕಾಗದದಲ್ಲಿ ಯು-ಮೌಲ್ಯ ಎಂದು ಬರೆದಿರ್ತಾರೆ: ಒಂಟಿ ಗಾಜಿಗೆ 5.7ರ ಸುಮಾರು, ಜೋಡಿಗೆ 2.8ರ ಸುಮಾರು. ಆದರೆ ಬಿಸಿಲಿನ ಶಾಖದಲ್ಲಿ ಸಾದಾ ಒಂಟಿ ಗಾಜು ನೂರಕ್ಕೆ 80ರಷ್ಟು ಒಳಗೆ ಬಿಟ್ಟರೆ, ಸಾದಾ ಜೋಡಿ ಗಾಜೂ 70ರಷ್ಟು ಬಿಡ್ತದೆ. ಇದಕ್ಕೆ ಎಸ್‌ಎಚ್‌ಜಿಸಿ ಎಂಬ ಬೇರೆ ಅಂಕಿ ಇದೆ; ಅದನ್ನು ಕೇಳದೆ ಗಾಜು ಕೊಳ್ಳಬೇಡಿ. ಲೇಪನದ ಗಾಜಿನಲ್ಲಿ ಇದು ಕಡಿಮೆ, ದರ ಹೆಚ್ಚು. ಚಳಿ ದೇಶಗಳ ಮನೆಗೆ, ಏಸಿ ಹಾಕಿ ಮುಚ್ಚಿಟ್ಟ ಕೋಣೆಗೆ ಜೋಡಿ ಗಾಜು ಸರಿ. ಫ್ಯಾನಿನ ಕೆಳಗೆ ಕಿಟಕಿ ತೆರೆದು ಮಲಗುವ ನಮಗೆ ಅಲ್ಲ.

ನಮ್ಮಲ್ಲಿ ಬಿಸಿಲನ್ನು ಗಾಜಿಗೆ ಮುಟ್ಟುವ ಮೊದಲೇ ತಡೀಬೇಕು. ಒಳಗೆ ಪರದೆ ಕಟ್ಟಿದರೆ ಶಾಖ ಆಗಲೇ ಮನೆಯೊಳಗೆ ಬಂದುಬಿಟ್ಟಿರ್ತದೆ. ತೆಂಕಣ ಕಿಟಕಿಗೆ ಎರಡಡಿ ಸಜ್ಜಾ ಸಾಕು. ಗದಗದ ಸುತ್ತಮುತ್ತ ಮೇ ಮೊದಲ ವಾರ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರ್ತಾನೆ. ಪಡುವಣ ಕಿಟಕಿಯದೇ ಫಜೀತಿ. ನಾಲ್ಕು ಗಂಟೆಯ ಬಿಸಿಲು ಓರೆಯಾಗಿ ಸಜ್ಜಾದ ಕೆಳಗೇ ನುಗ್ತದೆ. ಅಲ್ಲಿಗೆ ಹೊರಗಡೆ ಮರದ ಪಟ್ಟಿ ಬಾಗಿಲೋ, ಬಿದಿರಿನ ತಟ್ಟಿಯೋ ಬೇಕು. ತಂತಿ ಕಟ್ಟಿ ತೊಂಡೆ ಬಳ್ಳಿ ಹಬ್ಬಿಸಿದರೂ ನಡೀತದೆ, ಪಲ್ಯವೂ ಆಯ್ತು! ಆರ್ಡರ್ ಕೊಡುವ ಮೊದಲು ಹೊರಗಿನಿಂದ ಗೋಣಿತಾಟು ಇಳಿಬಿಟ್ಟು ಮೂರು ದಿನ ನೋಡಿ. ಸಂಜೆ ಗಾಜಿಗೆ ಒಳಗಿನಿಂದ ಅಂಗೈ ಇಟ್ಟರೆ ವ್ಯತ್ಯಾಸ ಗೊತ್ತಾಗ್ತದೆ.

ಇನ್ನು ತೆರೆಯುವ ಲೆಕ್ಕ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆಯಲ್ಲಿ, ಬಿಸಿ-ಒಣ ಹವೆಯ ಕಡೆ ಮನೆಯ ನೆಲದ ನೂರಕ್ಕೆ 10ರಷ್ಟಾದರೂ ತೆರೆಯುವ ಜಾಗ ಇರಬೇಕು, ಕರಾವಳಿಯಂಥ ತೇವದ ಕಡೆ 16.66 ಎಂದಿದೆ. ಹಳ್ಳಿಯ ಮನೆಗೆ ಇದು ಕಡ್ಡಾಯವಲ್ಲ, ಅಳತೆಗೆ ಒಳ್ಳೆಯದು. 10 ಅಡಿ, 12 ಅಡಿ ಕೋಣೆ ಎಂದರೆ 120 ಚದರಡಿ. 12 ಚದರಡಿ ತೆರೆಯಬೇಕು. 4 ಅಡಿ, 4 ಅಡಿಯ ಕಿಟಕಿ 16 ಚದರಡಿ. ಕೀಲಿನ ಬಾಗಿಲಾದರೆ ಹೆಚ್ಚುಕಡಿಮೆ ಪೂರ್ತಿ ತೆರೀತದೆ. ಎರಡು ಹಲಗೆಯ ಜಾರುಕಿಟಕಿ ಎಂಟೇ ಚದರಡಿ. ರೊಕ್ಕ ಪೂರ್ತಿ ಕೊಟ್ಟು ಗಾಳಿ ಅರ್ಧ ಕೊಂಡಂತೆ! ಎದುರು ಗೋಡೆಯಲ್ಲಿ ಇನ್ನೊಂದು ಕಿಂಡಿ ಇಲ್ಲದಿದ್ದರೆ ಆ ಗಾಳಿಯೂ ಆಡುವುದಿಲ್ಲ. ಹಳೇ ಮಾಳಿಗೆ ಮನೆಯ ಗವಾಕ್ಷಿ ಸುಮ್ಮನೆ ಇಟ್ಟದ್ದಲ್ಲ, ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೋಗ್ತಿತ್ತು. ಅದನ್ನು ಮುಚ್ಚಬೇಡಿ.

ಚೌಕಟ್ಟಿಗೆ ಅಲ್ಯೂಮಿನಿಯಂ ಹಗುರ, ಆದರೆ ಶಾಖ ಬೇಗ ದಾಟಿಸ್ತದೆ. ಯುಪಿವಿಸಿ ದಾಟಿಸುವುದು ಕಡಿಮೆ, ಗೆದ್ದಲು ಹತ್ತುವುದಿಲ್ಲ. ಒಳಗೆ ಉಕ್ಕಿನ ಪಟ್ಟಿ ಇದೆಯೇ ನೋಡಿಕೊಳ್ಳಿ. ಮರದ ಚೌಕಟ್ಟು ಗಟ್ಟಿ ಇದ್ದರೆ ಅದನ್ನೇ ಉಳಿಸಿ ಬಾಗಿಲಷ್ಟೇ ಹೊಸದು ಮಾಡಿಸುವುದು ನನ್ನ ಮತ.

ಒಂದು ಮಾತು: ಬಿಸಿಲು ಬೀಳುವ ಆರ್‌ಸಿಸಿ ಮನೆಯಲ್ಲಿ ಚಾವಣಿಯಿಂದ ಬರುವ ಶಾಖವೇ ದೊಡ್ಡದು. ರೊಕ್ಕ ಒಂದಕ್ಕೇ ಸಾಲುವುದಾದರೆ ಮೊದಲು ಚಾವಣಿಗೆ ಸುಣ್ಣ ಬಳಿಸಿ, ಪಡುವಣಕ್ಕೆ ತಟ್ಟಿ ಕಟ್ಟಿ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿ ಮುಚ್ಚಿ, ಹೊರಗೆ ತಂಪಾದ ಮೇಲೆ ತೆರೆಯಿರಿ. ಸೊಳ್ಳೆ ಜಾಲರಿ ಮಾತ್ರ ಬಿಡಬೇಡಿ, ಅದಿಲ್ಲದೆ ರಾತ್ರಿ ಯಾರೂ ಕಿಟಕಿ ತೆರೆಯುವುದಿಲ್ಲ.