ಆಕಾಶಕ್ಕೇರಿದುದು ಎಲ್ಲಿ ಬೀಳುತ್ತದೆ?

ಕೋಲಾರದ ಸಮೀಪದ ವೇಮಗಲ್ ಸೀಮೆಯನ್ನು ರೇಷ್ಮೆಗೂ ತರಕಾರಿಗೂ ಹೆಸರಾದುದೆಂದು ನಾವೆಲ್ಲ ಬಲ್ಲೆವು. ಈಗ ಅದರ ಹೆಸರಿನೊಡನೆ ಉಪಗ್ರಹವೂ ಸೇರಿಕೊಂಡಿದೆ. ಅಲ್ಲಿನ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ಸಂಸ್ಥೆಯ ಘಟಕದಲ್ಲಿ ಜೋಡಣೆಗೊಂಡ ಟಿಸ್ಯಾಟ್-1ಎ ಎಂಬ ಚಿಕ್ಕ ಉಪಗ್ರಹವು 2024ರ ಏಪ್ರಿಲ್ ತಿಂಗಳಲ್ಲಿ ಅಮೆರಿಕೆಯ ಫ್ಲಾರಿಡಾದಿಂದ ಅಂತರಿಕ್ಷವನ್ನು ಸೇರಿತು. ಇದು ನಾಡಿಗೆ ಹೆಮ್ಮೆಯ ಸಂಗತಿ. ಆದರೆ ಮೇಲೇರಿದ ವಸ್ತು ಒಂದು ದಿನ ಕೆಳಗಿಳಿಯಲೇಬೇಕಲ್ಲವೆ, ಆಗ ಅದು ಯಾರ ಮನೆಯ ಮೇಲೆ ಬಿದ್ದೀತು ಎಂಬ ಶಂಕೆ ಗೃಹಸ್ಥರಲ್ಲಿ ಮೂಡುವುದೂ ಸಹಜವೇ.

ಈ ಶಂಕೆ ಹೊಸದಲ್ಲ. 1979ರಲ್ಲಿ ಅಮೆರಿಕೆಯ ಸ್ಕೈಲ್ಯಾಬ್ ಬೀಳಲಿದೆಯೆಂಬ ಸುದ್ದಿ ಬಂದಾಗ ನಮ್ಮ ದೇಶದ ಅನೇಕ ಹಳ್ಳಿಗಳಲ್ಲಿ ಪ್ರಳಯವೇ ಬಂದಿತೆಂಬ ಭೀತಿ ಹಬ್ಬಿತ್ತು. ಸುಮಾರು 77 ಟನ್ ಭಾರದ ಆ ನಿಲ್ದಾಣವು ಜುಲೈ 11ರಂದು ಒಡೆದು ಹಿಂದೂ ಮಹಾಸಾಗರದಲ್ಲಿಯೂ ಪಶ್ಚಿಮ ಆಸ್ಟ್ರೇಲಿಯಾದಲ್ಲಿಯೂ ಚೆದುರಿ ಬಿದ್ದಿತು. ಯಾರಿಗೂ ಅಪಾಯವಾಗಲಿಲ್ಲ.

ಇದು ಕೇವಲ ಅದೃಷ್ಟವಲ್ಲ. ನೂರಾರು ಕಿಲೋಮೀಟರ್ ಎತ್ತರದಲ್ಲಿಯೂ ಅತಿ ವಿರಳವಾದ ವಾಯುವಿದೆ. ಅದರ ತಡೆಯಿಂದ ಉಪಗ್ರಹದ ವೇಗ ಕುಂದಿ, ಕಕ್ಷೆ ಇಳಿಯುತ್ತ ಬರುತ್ತದೆ. ದಟ್ಟ ವಾಯುವನ್ನು ಹೊಕ್ಕೊಡನೆ ಉಂಟಾಗುವ ತಾಪದಲ್ಲಿ ಚಿಕ್ಕ ಉಪಗ್ರಹಗಳು ಬಹುತೇಕ ಉರಿದುಹೋಗುತ್ತವೆ. ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ 1975ರಲ್ಲಿ ಮೇಲೇರಿದ 360 ಕಿಲೋಗ್ರಾಮಿನ ಆರ್ಯಭಟವು 1992ರಲ್ಲಿ ಹೀಗೆಯೇ ಕೊನೆಗಂಡಿತು. ಉಳಿದು ಬೀಳುವುವು ದೊಡ್ಡ ರಾಕೆಟ್ಟುಗಳ ಗಟ್ಟಿ ಭಾಗಗಳು, ಇಂಧನದ ತೊಟ್ಟಿಗಳು. ಭೂಮಿಯ ಮುಕ್ಕಾಲು ಪಾಲಿಗೆ ಸಮೀಪ ಸಮುದ್ರವಿರುವುದರಿಂದ ಅವುಗಳಲ್ಲಿ ಹೆಚ್ಚಿನವು ಅಲ್ಲಿಗೇ ಸೇರುತ್ತವೆ.

ಹಾಗೆಂದು ಅಪಾಯವೇ ಇಲ್ಲವೆನ್ನಲಾಗದು. 2022ರ ಏಪ್ರಿಲ್ 2ರಂದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ರಾಕೆಟ್ಟಿನ ದೊಡ್ಡ ಲೋಹದ ಬಳೆ ಬಿದ್ದಿತು. 2024ರ ಮಾರ್ಚಿನಲ್ಲಿ ಅಂತರಿಕ್ಷ ನಿಲ್ದಾಣದಿಂದ ಬಿಸುಟ ಸಾಮಗ್ರಿಯ ತುಂಡೊಂದು ಫ್ಲಾರಿಡಾದ ಮನೆಯೊಂದರ ಛಾವಣಿಯನ್ನು ಭೇದಿಸಿತು.

ಬಿದ್ದುದೆಲ್ಲ ಉಪಗ್ರಹವೂ ಅಲ್ಲ. 2025ರ ಜನವರಿಯಲ್ಲಿ ಬೀದರ ಜಿಲ್ಲೆಯ ಜಲಸಂಗಿಯಲ್ಲಿ ಮನೆಯ ಮೇಲೆ ಬೃಹತ್ ಬಲೂನೊಂದು ಇಳಿದಾಗ ಜನರು ಬೆದರಿದರು. ಅದು ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹಾರಿಸಿದ ಸಂಶೋಧನೆಯ ಬಲೂನು. ಅದರೊಡನೆ ಕನ್ನಡದಲ್ಲಿ ಬರೆದ ಪತ್ರವೂ ಇದ್ದಿತು. ಜನರ ಭಾಷೆಯಲ್ಲಿ ಬರೆದ ನಾಲ್ಕು ಸಾಲು ಎಷ್ಟು ಭಯವನ್ನು ನೀಗಬಲ್ಲದೆಂಬುದನ್ನು ವಿಜ್ಞಾನಿಗಳೂ ಅಧಿಕಾರಿಗಳೂ ಮರೆಯಬಾರದು.

ನಮ್ಮ ದೃಷ್ಟಿಯಲ್ಲಿ ಮುಖ್ಯವಾದುದು ಹೊಣೆಯ ಪ್ರಶ್ನೆ. 1972ರ ಅಂತರರಾಷ್ಟ್ರೀಯ ಒಪ್ಪಂದದಂತೆ ನೆಲದ ಮೇಲೆ ಹಾನಿಯಾದರೆ ಉಡಾಯಿಸಿದ ದೇಶವೇ ಅದನ್ನು ಭರಿಸಬೇಕು; ತಪ್ಪು ಯಾರದೆಂದು ಸಾಧಿಸುವ ಅಗತ್ಯವಿಲ್ಲ. 1978ರಲ್ಲಿ ಕೆನಡಾದಲ್ಲಿ ಬಿದ್ದ ಅಣುಶಕ್ತಿಯ ಉಪಗ್ರಹಕ್ಕಾಗಿ ಸೋವಿಯತ್ ಒಕ್ಕೂಟವು 1981ರಲ್ಲಿ 30 ಲಕ್ಷ ಕೆನಡಾ ಡಾಲರುಗಳನ್ನು ತೆತ್ತಿತು. ಪರಿಹಾರಕ್ಕಿಂತ ಮುಂಜಾಗ್ರತೆ ಮೇಲು. 2023ರ ಮಾರ್ಚ್ 7ರಂದು ಇಸ್ರೋ ತನ್ನ ಮುಪ್ಪಾದ ಮೇಘಾ-ಟ್ರಾಪಿಕ್ಸ್ ಉಪಗ್ರಹವನ್ನು, ಅದರಲ್ಲಿ ಉಳಿದಿದ್ದ ಇಂಧನವನ್ನೇ ಬಳಸಿ, ಜನವಸತಿಯಿಲ್ಲದ ಶಾಂತಸಾಗರದ ಭಾಗಕ್ಕೆ ಇಳಿಸಿತು. ಸುಮ್ಮನೆ ಬಿಟ್ಟಿದ್ದರೆ ಅದು ನೂರು ವರ್ಷಕ್ಕೂ ಮೇಲ್ಪಟ್ಟು ಕಕ್ಷೆಯಲ್ಲಿಯೇ ಸುತ್ತುತ್ತಿತ್ತು. 2030ರ ವೇಳೆಗೆ ಕಸವುಳಿಸದ ಯಾನಗಳನ್ನೇ ಕೈಕೊಳ್ಳುವ ಸಂಕಲ್ಪವನ್ನೂ ನಮ್ಮ ದೇಶ ಸಾರಿದೆ.

ಗೃಹಸ್ಥರು ಮಾಡಬೇಕಾದುದು ಇಷ್ಟೇ. ಹೊಲದಲ್ಲಾಗಲಿ ಹಿತ್ತಲಿನಲ್ಲಾಗಲಿ ಅಪರಿಚಿತ ಲೋಹದ ವಸ್ತು ಬಿದ್ದಿದ್ದರೆ ಮುಟ್ಟಬೇಡಿ, ಮಕ್ಕಳನ್ನು ದೂರವಿರಿಸಿ. ತೊಟ್ಟಿಗಳಲ್ಲಿ ವಿಷಕಾರಿ ಇಂಧನ ಉಳಿದಿರಬಹುದು. ಗುಜರಿಗೆ ಹಾಕುವ ಆಸೆಯೂ ಬೇಡ. ಪೊಲೀಸರಿಗೋ ತಹಶೀಲ್ದಾರರಿಗೋ ತಿಳಿಸಿ. ವದಂತಿ ಹಬ್ಬಿಸುವವರಿಗೆ ಕಿವಿಗೊಡದಿರಿ. ಹೊಣೆಯರಿತು ಮೇಲೇರಿಸಿದವರು ಹೊಣೆಯರಿತು ಇಳಿಸಿದರೆ, ವೇಮಗಲ್ಲಿನಿಂದ ಇನ್ನೆಷ್ಟು ಉಪಗ್ರಹಗಳು ಹೋದರೂ ನಾವು ನಿಶ್ಚಿಂತೆಯಿಂದ ಆಕಾಶವನ್ನು ನೋಡಬಹುದು.